ಎರಡು ಸಲ ತಿಂದ ಗುಳಿಗೆ

ನಾಯಿಗೆ ಔಷಧ ತಿನ್ನಿಸುವುದೆಂದರೆ ಹಿಂದೆ ಇಬ್ಬರ ಕೆಲಸವಾಗಿತ್ತು. ಒಬ್ಬರು ಬಾಯಿ ಬಿಡಿಸಿ ಹಿಡಿಯಬೇಕು, ಇನ್ನೊಬ್ಬರು ಗುಳಿಗೆಯನ್ನು ನಾಲಗೆಯ ಬುಡಕ್ಕೆ ತಳ್ಳಬೇಕು. ಅಷ್ಟಾದ ಮೇಲೂ ಆ ಪ್ರಾಣಿ ಅಂಗಳದ ಮೂಲೆಗೆ ಹೋಗಿ ಗುಳಿಗೆಯನ್ನು ಉಗುಳಿ, ಏನೂ ಅರಿಯದ ಮುಖದಿಂದ ಹಿಂದಿರುಗುತ್ತಿತ್ತು. ಈಗಿನ ಔಷಧ ತಯಾರಕರು ಈ ಕಷ್ಟವನ್ನು ನೀಗಿಸಿದ್ದಾರೆ. ಗುಳಿಗೆಗೆ ಮಾಂಸದ ರುಚಿಯನ್ನು ಕೂಡಿಸಿ, ಅಗಿದು ತಿನ್ನುವ ಮಿಠಾಯಿಯಂತೆ ಮಾಡಿಟ್ಟಿದ್ದಾರೆ. ನಾಯಿ ಅದನ್ನು ಬಾಲವಾಡಿಸುತ್ತ ತಿನ್ನುತ್ತದೆ; ಕೊಟ್ಟರೆ ಮತ್ತೊಂದನ್ನೂ ತಿನ್ನುತ್ತದೆ. ಇಬ್ಬರ ಕೆಲಸ ಒಬ್ಬರದಾಯಿತು. ಆ ಒಬ್ಬರ ಕೆಲಸವನ್ನು ಇಬ್ಬರೂ ಬೇರೆ ಬೇರೆಯಾಗಿ ಮಾಡಿ ಮುಗಿಸುವ ಸಂಭವ ಹುಟ್ಟಿದ್ದೂ ಆಗಲೇ.

ಶಿಕಾರಿಪುರದಲ್ಲಿ ಹುಚ್ಚರಾಯನ ಕೆರೆಯ ಕಡೆಗೆ ಇರುವ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಹೆಸರು ಬೇಕಾಗಿಲ್ಲ, ಅಂಥ ಮನೆ ಯಾವ ಬೀದಿಯಲ್ಲಾದರೂ ಇದ್ದೀತು. ಎಪ್ಪತ್ತು ದಾಟಿದ ಯಜಮಾನರು, ಅವರ ಸೊಸೆ, ಬೆಂಗಳೂರಿನ ಉದ್ಯೋಗದಿಂದ ತಿಂಗಳಿಗೆ ಎರಡು ಸಲ ಬಂದುಹೋಗುವ ಮಗ, ಹಿತ್ತಲ ಕೊಟ್ಟಿಗೆಯಲ್ಲಿ ಎರಡು ಹಸು, ಜಗಲಿಯ ಮೇಲೆ ಮೋತಿಯೆಂಬ ನಾಯಿ. ಮೋತಿ ಹುಟ್ಟಿದ್ದು ಈ ಊರಿನಲ್ಲಲ್ಲ. ಮೂರು ವರ್ಷಗಳ ಹಿಂದೆ ಸೊಸೆಯ ತವರೂರಾದ ಸೊರಬದಿಂದ, ಅನಾನಸು ತುಂಬಿ ತರುವ ಬುಟ್ಟಿಯಲ್ಲಿ ಕುಳಿತು, ಶಿರಾಳಕೊಪ್ಪದ ದಾರಿಯಾಗಿ ಬಸ್ಸಿನಲ್ಲಿ ಬಂದದ್ದು. ಈಗ 18 ಕಿಲೋ ತೂಗುತ್ತದೆ. ಮೈ ಕೆಂದು, ಮೂತಿ ನೀಳ, ಕತ್ತಿನ ಸುತ್ತ ಸಾಮಾನ್ಯ ಊರುನಾಯಿಗಿಲ್ಲದ ಉದ್ದನೆಯ ಕೂದಲು. ನಾಲ್ಕು ಪಾದಗಳೂ ಸುಣ್ಣದಲ್ಲಿ ಅದ್ದಿ ತೆಗೆದಂತೆ ಬಿಳಿ. ಈ ಬಿಳಿ ಪಾದಗಳ ಮಾತು ಮುಂದೆ ಬರುತ್ತದೆ.

ಹೃದಯಹುಳುವಿನ ಗುಳಿಗೆಯನ್ನು ಮನೆಗೆ ತಂದವನು ಮಗ. ಪೆಟ್ಟಿಗೆಯಲ್ಲಿ ಆರು ಗುಳಿಗೆ, ತಿಂಗಳ ಒಂದನೆಯ ತಾರೀಖಿಗೆ ಒಂದರಂತೆ. ಕೊಡುವವರು ಯಾರೆಂದು ಅವನು ಹೇಳಲಿಲ್ಲ, ಮನೆಯವರೂ ಕೇಳಲಿಲ್ಲ. ಯಜಮಾನರು ನಸುಕಿನಲ್ಲಿ ತೋಟಕ್ಕೆ ಹೊರಡುವ ಮುಂಚೆ ಒಂದನ್ನು ಕೊಟ್ಟರು. ಸೊಸೆ ಒಂಬತ್ತು ಗಂಟೆಗೆ, ತಿಂಡಿಯ ಕೆಲಸ ಮುಗಿದ ಮೇಲೆ, ತಾರೀಖನ್ನು ನೆನೆದು ಮತ್ತೊಂದನ್ನು ಕೊಟ್ಟಳು. ಪೆಟ್ಟಿಗೆಯನ್ನು ಮುಚ್ಚುವಾಗ ಅದು ಹಗುರವಾದಂತೆ ಕಂಡು ಎಣಿಸಿದಳು. ಹೊಸದಾಗಿ ಒಡೆದ ಪೆಟ್ಟಿಗೆಯಲ್ಲಿ ಐದಿರಬೇಕಾದ ಕಡೆ ನಾಲ್ಕಿದ್ದವು.

“ಮಾವ, ಬೆಳಿಗ್ಗೆ ಮೋತಿಗೆ ಏನಾದರೂ ಕೊಟ್ಟಿರಾ?”

“ಗುಳಿಗೆ ಕೊಟ್ಟೆನಲ್ಲಮ್ಮ. ಇವತ್ತು ಒಂದನೇ ತಾರೀಖು ಅಲ್ಲವೇ?”

“ಅಯ್ಯೋ, ನಾನೂ ಕೊಟ್ಟುಬಿಟ್ಟೆ!”

ಆಮೇಲಿನ ಅರ್ಧ ಗಂಟೆಯಲ್ಲಿ ಆ ಮನೆಗೆ ಬಂದ ಸಲಹೆಗಳನ್ನೆಲ್ಲ ಪಾಲಿಸಿದ್ದರೆ ಮೋತಿಗೆ ನಿಜವಾಗಿಯೂ ಕೇಡಾಗುತ್ತಿತ್ತು. ಪಕ್ಕದ ಮನೆಯವರು ಹುಳಿಮಜ್ಜಿಗೆ ಎಂದರು. ಇನ್ನೊಬ್ಬರು ಎಳನೀರು ಎಂದರು. ಮತ್ತೊಬ್ಬರು ಬೊಗಸೆ ಉಪ್ಪನ್ನು ನೀರಿನಲ್ಲಿ ಕದಡಿ ಕುಡಿಸಿ ವಾಂತಿ ಮಾಡಿಸಬೇಕೆಂದರು. ಮೊದಲ ಎರಡರಿಂದ ಕೇಡಾಗಲಿ ಲಾಭವಾಗಲಿ ಹೆಚ್ಚಿಲ್ಲ. ಮೂರನೆಯದು ಮಾತ್ರ ಅಪಾಯಕರ. ಉಪ್ಪು ಅತಿಯಾದರೆ ಅದೇ ನಾಯಿಯ ರಕ್ತಕ್ಕೇರಿ ನಡುಕವನ್ನೂ ಸೆಳೆತವನ್ನೂ ತರುತ್ತದೆ. ಉಪ್ಪು ನೀರಿನಿಂದಲೇ ನಾಯಿಗಳು ಸತ್ತದ್ದುಂಟು. ಬೀದಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು, “ಒಂದು ನಾಯಿಗೆ ಇಷ್ಟೊಂದು ಗಲಾಟೆಯೇ?” ಎಂದು ನಕ್ಕು ಮುಂದೆ ನಡೆದರು. ಈ ಪ್ರಶ್ನೆಗೆ ಕನ್ನಡ ನಾಡು ಕಲ್ಲಿನ ಮೇಲೆ ಉತ್ತರ ಬರೆದು ಸಾವಿರ ವರ್ಷಗಳ ಮೇಲಾಯಿತು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸುಮಾರು ಕ್ರಿ.ಶ. 950ರದು. ಕಾಳಿಯೆಂಬ ಬೇಟೆನಾಯಿ ದೊಡ್ಡದೊಂದು ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತುದನ್ನು ಅದು ಹೇಳುತ್ತದೆ. ನಾಯಿಯ ಒಡೆಯನಾದ ಮಣಲೇರ ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟನು.

ಗುಳಿಗೆ ಯಾತಕ್ಕೆಂಬುದನ್ನು ಇಲ್ಲಿ ಹೇಳಬೇಕು. ಹೃದಯಹುಳು ನೂಲಿನಂಥ ಜಂತು. ಹೆಣ್ಣುಹುಳು ಒಂದು ಗೇಣಿಗಿಂತಲೂ ನೀಳವಾಗಿ, 25ರಿಂದ 30 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ. ಅದರ ವಾಸ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳಲ್ಲಿ, ಸಂಖ್ಯೆ ಹೆಚ್ಚಿದರೆ ಹೃದಯದ ಬಲಭಾಗದಲ್ಲಿ. ಒಂದು ನಾಯಿಯಿಂದ ಇನ್ನೊಂದಕ್ಕೆ ಇದನ್ನು ಒಯ್ಯುವುದು ಸೊಳ್ಳೆ. ಸೊಳ್ಳೆ ಕಚ್ಚಿದಾಗ ಒಳಹೊಕ್ಕ ಮರಿ ದೊಡ್ಡದಾಗಲು ಆರೇಳು ತಿಂಗಳು ಬೇಕು. ದೊಡ್ಡದಾದ ಹುಳುವನ್ನು ಕೊಲ್ಲುವ ಚಿಕಿತ್ಸೆ ಪಾಷಾಣದ ಜಾತಿಯ ಚುಚ್ಚುಮದ್ದಿನದು, ಕಷ್ಟದ್ದು. ಸತ್ತ ಹುಳುಗಳೇ ರಕ್ತನಾಳವನ್ನು ಕಟ್ಟಿ ನಾಯಿಯನ್ನು ಕೊಲ್ಲಬಹುದು. ಆದ್ದರಿಂದ ಮರಿಯಾಗಿರುವಾಗಲೇ ಕೊಲ್ಲುವ ಉಪಾಯ ತಿಂಗಳ ಗುಳಿಗೆ.

ನಮ್ಮ ದೇಶದಲ್ಲಿ ಹೃದಯಹುಳು ಹೆಚ್ಚಾಗಿ ಕಂಡುಬಂದಿರುವುದು ಈಶಾನ್ಯ ರಾಜ್ಯಗಳಲ್ಲಿ. ದಕ್ಷಿಣದ ನಾಯಿಗಳಲ್ಲಿ ಹೆಚ್ಚಾಗಿರುವುದು ಅದರ ದಾಯಾದಿ, ಚರ್ಮದ ಕೆಳಗೆ ಹರಿದಾಡುವ ಹುಳು. ಕೇರಳದಲ್ಲಿಯೂ ಕನ್ನಡ ಕರಾವಳಿಯಲ್ಲಿಯೂ ಮನುಷ್ಯರ ಕಣ್ಣಿನಿಂದ ಅದನ್ನು ಹೊರತೆಗೆದದ್ದುಂಟು. ಶಿಕಾರಿಪುರದ ನಾಯಿಗೆ ತಿಂಗಳ ಗುಳಿಗೆ ಬೇಕೇ ಬೇಡವೇ ಎಂಬುದನ್ನು ರಕ್ತ ಪರೀಕ್ಷಿಸಿದ ವೈದ್ಯರು ಹೇಳತಕ್ಕದ್ದೇ ಹೊರತು ಬೆಂಗಳೂರಿನ ಗೆಳೆಯರಲ್ಲ. ಆದರೆ ಮಗ ತಂದುಕೊಟ್ಟಾಗಿದೆ, ನಾಯಿ ತಿಂದಾಗಿದೆ.

ಗುಳಿಗೆಯೊಳಗಿದ್ದ ಔಷಧ ಐವರ್ಮೆಕ್ಟಿನ್. ಇದರ ಹುಟ್ಟು ಜಪಾನಿನ ಕವಾನ ಎಂಬಲ್ಲಿಯ ಒಂದು ಹಿಡಿ ಮಣ್ಣಿನಲ್ಲಿ. ಸತೋಶಿ ಒಮುರಾ ಎಂಬ ವಿಜ್ಞಾನಿ ಆ ಮಣ್ಣಿನ ಸೂಕ್ಷ್ಮಜೀವಿಯೊಂದನ್ನು ಬೇರ್ಪಡಿಸಿದರು. ಅಮೆರಿಕದಲ್ಲಿ ವಿಲಿಯಂ ಕ್ಯಾಂಬೆಲ್ ಅದರ ರಸ ಜಂತುಗಳನ್ನು ಕೊಲ್ಲುವುದನ್ನು ಕಂಡರು. ಇಬ್ಬರಿಗೂ 2015ರಲ್ಲಿ ನೊಬೆಲ್ ಬಹುಮಾನ ಬಂತು. ಮೊದಲು ದನಕರುಗಳಿಗೆ, 1987ರ ಹೊತ್ತಿಗೆ ನಾಯಿಗಳ ಹೃದಯಹುಳುವಿಗೆ, ಅದೇ ವರ್ಷ ಆಫ್ರಿಕದಲ್ಲಿ ಮನುಷ್ಯರನ್ನು ಕುರುಡಾಗಿಸುವ ನದಿಗುರುಡು ರೋಗಕ್ಕೆ ಇದು ಒದಗಿತು. ಹಸು, ನಾಯಿ, ಮನುಷ್ಯ ಮೂವರಿಗೂ ಸಲ್ಲುವ ಔಷಧ. ಮೂವರಿಗೂ ಸಲ್ಲುವುದರಿಂದಲೇ ಒಂದೇ ಮನೆಯಲ್ಲಿ ಅದು ಮೂರು ರೂಪದಲ್ಲಿ ಇರಬಹುದು; ಗೊಂದಲದ ಬೇರು ಇರುವುದೂ ಅಲ್ಲಿಯೇ.

ಯಜಮಾನರು ಪಶುವೈದ್ಯರಿಗೆ ದೂರವಾಣಿ ಮಾಡಿದರು. ಒಳ್ಳೆಯ ವೈದ್ಯರು ಇಂಥ ಸಮಯದಲ್ಲಿ ಗದರಿಸುವುದಿಲ್ಲ, ಕೇಳುತ್ತಾರೆ.

“ಯಜಮಾನರೇ, ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ಓದಿಸಿ.”

ಸೊಸೆ ಓದಿದಳು. 12ರಿಂದ 22 ಕಿಲೋ ತೂಕದ ನಾಯಿಗೆ. ಒಂದು ಗುಳಿಗೆಯಲ್ಲಿ 136 ಮೈಕ್ರೋಗ್ರಾಂ.

ಮೈಕ್ರೋಗ್ರಾಂ ಎಂದರೆ ಒಂದು ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು. ಲೆಕ್ಕ ಹೀಗಾಗುತ್ತದೆ. ಎರಡು ಗುಳಿಗೆ ಸೇರಿ 272 ಮೈಕ್ರೋಗ್ರಾಂ. 18 ಕಿಲೋ ತೂಕಕ್ಕೆ ಹಂಚಿದರೆ ಕಿಲೋ ಒಂದಕ್ಕೆ 15. ಹುಳುವಿನ ಮರಿಯನ್ನು ತಡೆಯಲು ಬೇಕಾದದ್ದು ಕಿಲೋಗೆ 6. ಸಾಮಾನ್ಯ ಜಾತಿಯ ನಾಯಿಗಳು ಒಂದೇ ಸಲಕ್ಕೆ ಕಿಲೋಗೆ 2000 ಮೈಕ್ರೋಗ್ರಾಮನ್ನೂ ತೊಂದರೆಯಿಲ್ಲದೆ ತಾಳಿರುವುದು ಪ್ರಯೋಗಗಳಲ್ಲಿ ಕಂಡಿದೆ. 2500ರ ಆಚೆಗೆ ಕಣ್ಣಿನ ಪಾಪೆ ಅಗಲವಾಗುವುದು, 5000ದ ಹೊತ್ತಿಗೆ ನಡುಕ, ಹೀಗೆ ಏರುತ್ತದೆ. ಹದಿನೈದೆಲ್ಲಿ, ಎರಡು ಸಾವಿರವೆಲ್ಲಿ! ಮೋತಿ ಮೇಜಿನ ಮೇಲೆ ಹತ್ತಿ ಆರು ಗುಳಿಗೆಯ ಪೆಟ್ಟಿಗೆಯನ್ನೇ ಬರಿದುಮಾಡಿದ್ದರೂ ಕಿಲೋಗೆ 45 ಮೈಕ್ರೋಗ್ರಾಂ ಆಗುತ್ತಿತ್ತು, ಅಷ್ಟೆ.

ಆದರೂ ವೈದ್ಯರು ಇನ್ನೊಂದು ಪ್ರಶ್ನೆ ಕೇಳಿದರು. “ನಾಯಿ ಯಾವ ಜಾತಿ?”

“ಊರುನಾಯಿಯೇ. ಆದರೆ ಮೂತಿ ಉದ್ದ, ಕತ್ತಿನಲ್ಲಿ ಕೂದಲು ಹೆಚ್ಚು.”

“ಪಾದದ ಬಣ್ಣ?”

“ಬಿಳಿ.”

ಅತ್ತ ಕಡೆ ವೈದ್ಯರು ಒಂದು ಗಳಿಗೆ ಸುಮ್ಮನಾದರು. ಪಾದ ಬಿಳಿಯಾಗಿದ್ದರೆ ಈ ಮದ್ದು ಕೊಡಬೇಡ ಎಂಬ ಅರ್ಥದ ಪ್ರಾಸದ ಮಾತೊಂದು ಇಂಗ್ಲಿಷು ಬಲ್ಲ ಪಶುವೈದ್ಯರಲ್ಲಿ ಬಹಳ ಕಾಲದಿಂದ ಇದೆ. ಕುರಿ ಕಾಯುವ ಕಾಲಿ ಜಾತಿಯ ನಾಯಿಗಳಲ್ಲಿ ಕೆಲವು ಐವರ್ಮೆಕ್ಟಿನ್ನಿನ ಸ್ವಲ್ಪ ಹೆಚ್ಚಿನ ಪ್ರಮಾಣಕ್ಕೇ ಬಿದ್ದುಹೋಗುತ್ತಿದ್ದವು. ಕಾರಣ ಮಾತ್ರ ತಿಳಿದಿರಲಿಲ್ಲ. 2001ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕತ್ರೀನಾ ಮೀಲಿ ಮತ್ತು ಸಂಗಡಿಗರು ಕಾರಣವನ್ನು ಕಂಡುಹಿಡಿದರು. ಮಿದುಳಿನ ಬಾಗಿಲಲ್ಲಿ ನಿಂತು, ಒಳನುಗ್ಗುವ ಮದ್ದನ್ನು ಹಿಡಿದು ಹೊರಗೆ ದಬ್ಬುವ ಒಂದು ಸಸಾರಜನಕ ಎಲ್ಲ ನಾಯಿಗಳಲ್ಲೂ ಇದೆ. ಕಾಲಿ ವಂಶದ ಬಹಳ ನಾಯಿಗಳಲ್ಲಿ ಆ ಕಾವಲುಗಾರನನ್ನು ನಿರ್ಮಿಸುವ ಎಂಡಿಆರ್-1 ಎಂಬ ಜೀನಿನಲ್ಲಿ ನಾಲ್ಕು ಅಕ್ಷರಗಳು ಬಿಟ್ಟುಹೋಗಿವೆ. ಗ್ರಂಥದಲ್ಲಿ ನಾಲ್ಕು ಅಕ್ಷರ ಬಿಟ್ಟ ಲಿಪಿಕಾರನಿಂದ ಪಾಠವೇ ಕೆಡುವಂತೆ ಕಾವಲುಗಾರನೇ ಹುಟ್ಟುವುದಿಲ್ಲ. ತಂದೆತಾಯಿ ಇಬ್ಬರಿಂದಲೂ ಈ ದೋಷ ಬಂದ ನಾಯಿಗೆ ಕಿಲೋಗೆ 100 ಮೈಕ್ರೋಗ್ರಾಮಿನ ಆಸುಪಾಸಿನಲ್ಲೇ ವಿಷ ತಟ್ಟುತ್ತದೆ. ಬಿಳಿ ಪಾದವೇ ದೋಷವಲ್ಲ. ನಮ್ಮ ಊರುನಾಯಿಗಳಲ್ಲೂ ಬಿಳಿ ಪಾದ ಬೇಕಾದಷ್ಟಿವೆ. ಅದು ಕೇಳಬೇಕಾದ ಪ್ರಶ್ನೆಯನ್ನು ನೆನಪಿಸುವ ಗುರುತು ಮಾತ್ರ.

“ತವರಿಗೆ ಮಾತನಾಡಿ, ಇದರ ತಂದೆ ಯಾವುದೆಂದು ಕೇಳಮ್ಮ,” ಎಂದರು ವೈದ್ಯರು. “ಹೆದರಬೇಡ. ಕಾಲಿ ನಾಯಿಗಳಿಗೇ ಕಿಲೋಗೆ 60ರವರೆಗೆ ಕೊಟ್ಟು ನೋಡಿ ಕೆಡುಕಿಲ್ಲವೆಂದು ಕಂಡಿದ್ದಾರೆ. ನಿಮ್ಮದು ಹದಿನೈದು. ಆದರೆ ತಿಳಿದಿರುವುದು ಒಳ್ಳೆಯದು.”

ಸೊರಬದಲ್ಲಿ ದೂರವಾಣಿಯನ್ನು ಎತ್ತಿಕೊಂಡವನು ಅಣ್ಣ. ತಂಗಿಯ ಪ್ರಶ್ನೆಗೆ ಅವನು ನಕ್ಕುಬಿಟ್ಟ. ನಾಯಿಗೂ ಗೋತ್ರ ಕೇಳುವ ಕಾಲ ಬಂತೇ ಎಂದ. ಆಮೇಲೆ ನೆನಪಿಸಿಕೊಂಡು ಹೇಳಿದ: ತಾಯಿ ಮನೆಯ ಊರುನಾಯಿ, ತಂದೆ, ಆ ವರ್ಷ ಮೇಲಿನ ಬೀದಿಗೆ ಬಂದಿದ್ದ ಸರಕಾರಿ ನೌಕರರೊಬ್ಬರ ಉದ್ದ ಕೂದಲಿನ ನಾಯಿ, ಕಾಲಿ ಎಂದು ಅವರು ಹೇಳಿಕೊಳ್ಳುತ್ತಿದ್ದರು.

“ಮೋತಿ ಜೊತೆ ಹುಟ್ಟಿದ್ದು ನಮ್ಮನೇಲಿ ಇದೆಯಲ್ಲ, ಕೆಂಪಿ,” ಎಂದು ಅವನೇ ಮಾತು ಮುಂದುವರಿಸಿದ. “ಅದಕ್ಕೆ ಇದ್ಯಾವ ಗುಳಿಗೇನೂ ಇಲ್ಲ ಮಾರಾಯ್ತಿ. ಉಣುಗು ಹೆಚ್ಚಾದಾಗ ದನದ ಇಂಜೆಕ್ಷನ್ ಬಾಟಲಿಯಿಂದಲೇ ಒಂದಿಷ್ಟು ಚುಚ್ಚೋದು. ಹೋದ ಸಲ ಚುಚ್ಚಿದ ಮೇಲೆ ಎರಡು ದಿನ ಗೋಡೆಗೆ ಗುದ್ದಿಕೊಂಡು ಓಡಾಡಿತು. ಹಾವು ಕಚ್ಚಿತೇನೋ ಅಂದುಕೊಂಡೆವು. ಈಗ ಮತ್ತೆ ಉಣುಗು ಜಾಸ್ತಿ ಆಗಿದೆ, ನಾಳೆ ನಾಡಿದ್ದರಲ್ಲಿ ಇನ್ನೊಂದು ಕೊಡಬೇಕು.”

ಉಣ್ಣೆಯ ಭಯ ಸೊರಬದವರಿಗೆ ಹೊಸದಲ್ಲ. ಅದಕ್ಕೆ ಇತಿಹಾಸವೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಣ ಹಳ್ಳಿಗಳ ಜನ ಜ್ವರದಿಂದ ಮಲಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ರೋಗಾಣುವೊಂದನ್ನು ಗುರುತಿಸಿದರು. ಮಂಗನ ಕಾಯಿಲೆಯೆಂದು ನಾವು ಕರೆಯುವ ಆ ಜ್ವರವನ್ನು ಹರಡುವುದು ಕಾಡಿನ ಉಣ್ಣೆ. ಕಾಡಂಚಿನ ಮನೆಯವನು ಉಣ್ಣೆಯನ್ನು ಕಂಡೊಡನೆ ಕೈಗೆ ಸಿಕ್ಕ ಮದ್ದನ್ನು ಎತ್ತಿಕೊಳ್ಳುವುದನ್ನು ಮೌಢ್ಯವೆಂದು ನಗುವಂತಿಲ್ಲ. ಆದರೆ ನಾಯಿಗೆ ದನದ ಚುಚ್ಚುಮದ್ದು ಕೊಟ್ಟು ಮಂಗನ ಕಾಯಿಲೆ ತಪ್ಪುವುದಿಲ್ಲ, ನಾಯಿ ತಪ್ಪಿಹೋಗಬಹುದು.

ದನದ ಬಾಟಲಿಯ ಒಂದು ಮಿಲಿಲೀಟರಿನಲ್ಲಿರುವುದು 10 ಮಿಲಿಗ್ರಾಂ ಐವರ್ಮೆಕ್ಟಿನ್, ಅಂದರೆ 10,000 ಮೈಕ್ರೋಗ್ರಾಂ. ಅದು 50 ಕಿಲೋ ದನಕ್ಕೆ ಸಲ್ಲುವ ಪ್ರಮಾಣ. ಶಿಕಾರಿಪುರದ ಮನೆಯಲ್ಲಿ ಇಬ್ಬರ ಎದೆಯನ್ನು ಹಾರಿಸಿದ ಗುಳಿಗೆಯ ಲೆಕ್ಕದಲ್ಲಿ ಹೇಳಿದರೆ, ಒಂದು ಮಿಲಿಲೀಟರು 73 ಗುಳಿಗೆಗೆ ಸಮ. ಮೋತಿಗೆ ಆರು ವರ್ಷಕ್ಕೆ ಸಾಲುವಷ್ಟು ಮದ್ದು ಒಂದೇ ಚುಚ್ಚಿನಲ್ಲಿ. ಕೆಂಪಿ 16 ಕಿಲೋ ಇದ್ದರೆ ಕಿಲೋಗೆ 625 ಮೈಕ್ರೋಗ್ರಾಂ ಆಯಿತು. ಚರ್ಮದ ಕಜ್ಜಿಗೆ ವೈದ್ಯರು ಇದರ ಸಮೀಪದ ಪ್ರಮಾಣವನ್ನು ಕೊಡುವುದುಂಟು. ಆದರೆ ಸ್ವಲ್ಪದಿಂದ ಆರಂಭಿಸಿ, ದಿನದಿನವೂ ನೋಡಿಕೊಂಡು ಏರಿಸುತ್ತಾರೆ, ಕಾಲಿ ರಕ್ತದ ಸಂಶಯವಿದ್ದರೆ ಕೊಡುವುದೇ ಇಲ್ಲ. ಊರುನಾಯಿ ತಾಯಿಯ ಕಡೆಯ ಒಳ್ಳೆಯ ಪ್ರತಿಯೊಂದು ಉಳಿದಿದ್ದರಿಂದ ಕೆಂಪಿ ಬದುಕಿದ್ದೀತು. ಚುಚ್ಚಿದವನ ಕೈ ಕೊಂಚ ಧಾರಾಳವಾಗಿದ್ದರೆ ಬದುಕುತ್ತಿರಲಿಲ್ಲ.

ಸೊಸೆ ಇದನ್ನೆಲ್ಲ ವೈದ್ಯರಿಂದ ಕೇಳಿ ತಿಳಿದು, ಹತ್ತು ನಿಮಿಷದಲ್ಲಿ ಸೊರಬಕ್ಕೆ ಮತ್ತೆ ಮಾತನಾಡಿದಳು. ಈ ಸಲ ಅಣ್ಣ ನಗಲಿಲ್ಲ. “ಹಾವಲ್ಲ ಹಾಗಾದರೆ,” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಬಾಟಲಿ ಅಟ್ಟದ ಮೇಲಿದೆ, ಇಳಿಸಲ್ಲ ಬಿಡು,” ಎಂದ.

ಹೀಗೆ ಅತಿಯಾದಾಗ ಕಾಣುವ ಲಕ್ಷಣಗಳು ಕೆಲವು ಗಂಟೆಗಳಿಂದ ಒಂದು ದಿನದೊಳಗೆ ಹೊರಬೀಳುತ್ತವೆ: ಜೊಲ್ಲು, ಹಿಂಗಾಲು ತೂರಾಡುವುದು, ಅಗಲವಾದ ಪಾಪೆ, ಕಣ್ಣು ತೆರೆದಿದ್ದರೂ ಗೋಡೆ ಕಾಣದಿರುವುದು, ನಡುಕ, ಕೊನೆಗೆ ಎಬ್ಬಿಸಿದರೂ ಏಳದ ನಿದ್ರೆ. ಈ ವಿಷಕ್ಕೆ ನೇರವಾದ ಪ್ರತಿವಿಷವಿಲ್ಲ. ತಿಂದು ಒಂದೆರಡು ಗಂಟೆಯೊಳಗಾದರೆ ವೈದ್ಯರೇ ವಾಂತಿ ಮಾಡಿಸಿಯಾರು, ಸಂಸ್ಕರಿಸಿದ ಇದ್ದಿಲಿನ ಪುಡಿಯನ್ನು ಕೊಟ್ಟಾರು. ಮದ್ದು ಪಿತ್ತದೊಡನೆ ಮತ್ತೆ ಕರುಳಿಗೆ ಇಳಿಯುವುದರಿಂದ ಇದ್ದಿಲನ್ನು ಮತ್ತೆ ಮತ್ತೆ ಕೊಡುವುದುಂಟು. ಕೆಲವೆಡೆ ರಕ್ತನಾಳಕ್ಕೆ ಕೊಬ್ಬಿನ ದ್ರಾವಣ ಹರಿಸುತ್ತಾರೆ. ಉಳಿದದ್ದು ಶುಶ್ರೂಷೆ. ಹೊರಳಿಸಿ ಮಲಗಿಸುವುದು, ಕಣ್ಣಿಗೆ ತೇವ ಕೊಡುವುದು, ಉಸಿರನ್ನು ಕಾಯುವುದು. ದಿನಗಟ್ಟಲೆ, ಒಮ್ಮೊಮ್ಮೆ ವಾರಗಟ್ಟಲೆ. ಶವದಂತೆ ಬಿದ್ದಿದ್ದ ನಾಯಿಗಳು ಎದ್ದು ನಡೆದದ್ದಿದೆ. ಆದ್ದರಿಂದ ಆಸೆ ಬಿಟ್ಟು ಗುಂಡಿ ತೋಡುವ ಮುನ್ನ ವೈದ್ಯರ ಮಾತು ಕೇಳಬೇಕು. ಶಿಕಾರಿಪುರದಿಂದ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ಸುಮಾರು 50 ಕಿಲೋಮೀಟರು. ಸೊರಬದವರಿಗೆ ಅದು ಇನ್ನೂ ದೂರ.

ಮೂರನೆಯ ರೂಪವೊಂದು ಉಳಿಯಿತು. ಮನುಷ್ಯರ ತುರಿಕಜ್ಜಿಗೆಂದು ಕೊಡುವ 12 ಮಿಲಿಗ್ರಾಮಿನ ಐವರ್ಮೆಕ್ಟಿನ್ ಮಾತ್ರೆ ಕೋವಿಡ್ ಹಬ್ಬಿದ 2020, 2021ರಲ್ಲಿ ಎಷ್ಟೋ ಮನೆಗಳನ್ನು ಹೊಕ್ಕಿತು. ಹೆಸರು ಒಂದೇ ಎಂದು ಅದನ್ನು ನಾಯಿಗೆ ಕೊಟ್ಟರೆ 88 ಗುಳಿಗೆ ಕೊಟ್ಟಂತಾಯಿತು. ಚಿಗಟಗಳಿಗೆಂದು ಕೊಡುವ ಸ್ಪಿನೊಸ್ಯಾಡ್ ಎಂಬ ಮಾತ್ರೆಯೂ ಮಿದುಳಿನ ಆ ಕಾವಲುಗಾರನ ಕೈ ಕಟ್ಟಿಹಾಕುತ್ತದೆ. ಅದರ ಜೊತೆಗೆ ಐವರ್ಮೆಕ್ಟಿನ್ ಅಧಿಕವಾದರೆ ಕಾಲಿಯಲ್ಲದ ನಾಯಿಯೂ ತೂರಾಡುತ್ತದೆ. ವೈದ್ಯರಿಗೆ ದೂರವಾಣಿ ಮಾಡುವಾಗ, ಆ ವಾರ ನಾಯಿಯ ಹೊಟ್ಟೆಗೆ ಬೇರೇನು ಹೋಗಿದೆ ಎಂಬುದನ್ನೂ ಹೇಳಬೇಕಾದದ್ದು ಇದಕ್ಕಾಗಿ.

ಮೋತಿಯ ಸಂಗತಿ ಏನಾಯಿತೆಂದರೆ, ಏನೂ ಆಗಲಿಲ್ಲ. ಸಂಜೆಯವರೆಗೆ ಯಜಮಾನರು ಜಗಲಿಯಲ್ಲೇ ಕುಳಿತು, ಗಂಟೆಗೊಮ್ಮೆ ಅದರ ಕಣ್ಣಿನ ಪಾಪೆಯನ್ನು ಬೆಳಕಿಗೆ ಹಿಡಿದು ನೋಡಿದರು. ನಾಯಿಗೆ ಈ ಉಪಚಾರ ಬಹಳ ಹಿತವಾಯಿತು. ರಾತ್ರಿ ಮಾಮೂಲಿನಂತೆ ಊಟ ಮಾಡಿ, ಕೆರೆಯ ಕಡೆಯಿಂದ ಬಂದ ನರಿಯ ಕೂಗಿಗೆ ಉತ್ತರ ಕೊಟ್ಟಿತು. ಮರುದಿನ ಸೊಸೆ ಕ್ಯಾಲೆಂಡರಿನಲ್ಲಿ ಮುಂದಿನ ಒಂದನೆಯ ತಾರೀಖಿಗೆ ಕೆಂಪು ಮಸಿಯಿಂದ ಸುತ್ತು ಹಾಕಿ, ಕೊಟ್ಟವರು ಪಕ್ಕದಲ್ಲಿ ಗುರುತು ಮಾಡಬೇಕೆಂದು ಗೊತ್ತುಮಾಡಿದಳು.

ಮುಂದಿನ ತಿಂಗಳು ಒಂದನೆಯ ತಾರೀಖು ಬಂತು. ಮಾವ ಕೊಟ್ಟಿರುತ್ತಾರೆ ಎಂದು ಸೊಸೆ ಕೈಯಿಡಲಿಲ್ಲ. ಸೊಸೆಗೇ ಬಿಡುವುದು ಲೇಸೆಂದು ಮಾವ ಕೈಯಿಡಲಿಲ್ಲ. ಕೆಂಪು ಸುತ್ತಿನ ಪಕ್ಕದಲ್ಲಿ ಗುರುತಿಲ್ಲದ್ದು ಕಂಡದ್ದು ನಾಲ್ಕನೆಯ ತಾರೀಖು. ಮತ್ತೆ ವೈದ್ಯರಿಗೆ ದೂರವಾಣಿ ಹೋಯಿತು. ಗುಳಿಗೆ ಕೊಲ್ಲುವುದು ಕಳೆದ ತಿಂಗಳು ಒಳಹೊಕ್ಕ ಮರಿಗಳನ್ನು, ಮೂರು ದಿನ ತಡವಾದರೆ ಕೇಡಿಲ್ಲ, ಈಗ ಕೊಡಿ ಎಂದು ಅವರು ಹೇಳಿದರು. ಆಮೇಲೆ ಒಂದು ಕ್ಷಣ ತಡೆದು, “ಯಾರಾದರೂ ಒಬ್ಬರೇ,” ಎಂದರು.